ಉತ್ತರ ಕಾಣದ ಪ್ರಾರ್ಥನೆ



ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಯ ರೈತರು ಬಿತ್ತನೆಯ ಕಾಲದಲ್ಲಿ ಬೇಡಿಕೊಂಡ ಮಳೆಯನ್ನೇ ಕೊಯ್ಲಿನ ಕಾಲದಲ್ಲಿ ಬೇಡವೆನ್ನುತ್ತಾರೆ. 2021ರ ನವೆಂಬರಿನಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ದಿನಗಟ್ಟಲೆ ಮಳೆ ಹಿಡಿದು, ಕಟಾವಿಗೆ ಬಂದ ರಾಗಿ ನೆಲಕ್ಕೊರಗಿ ತೆನೆಯಲ್ಲೇ ಮೊಳಕೆಯೊಡೆಯಿತು. ಮಳೆ ನಿಲ್ಲಲೆಂದು ಅಂದು ಮೊಣಕಾಲೂರಿದವರು ಇದ್ದೇ ಇದ್ದರು. ಅವರಿಗೆ ಏನು ಹೇಳೋಣ? ಎಲ್ಲದಕ್ಕೂ ದೇವರ ಸಮಯವೊಂದಿದೆ ಎಂದೇ?

ಈ ಮಾತು ಸದಾ ನಮ್ಮ ನಾಲಿಗೆಯ ತುದಿಯಲ್ಲಿರುತ್ತದೆ. ಮದುವೆಯಾಗಿ ಹತ್ತು ವರ್ಷವಾದರೂ ಮಡಿಲು ತುಂಬದ ಸಹೋದರಿಗೆ, ಕೈಗಾರಿಕಾ ಪ್ರದೇಶದಲ್ಲಿ ಗೇಟಿನಿಂದ ಗೇಟಿಗೆ ಅಲೆದು ಬರಿಗೈಯಲ್ಲಿ ಮರಳಿದ ಯುವಕನಿಗೆ, ಯೋಚಿಸದೆ ಹೇಳಿಬಿಡುತ್ತೇವೆ. ಮಾತು ಸುಳ್ಳಲ್ಲ. ಆದರೆ ಕೇಳುವವರ ಕಿವಿಗೆ ಅದು, ಇಂದಲ್ಲದಿದ್ದರೆ ನಾಳೆ ಬೇಡಿದ್ದು ಸಿಕ್ಕೇ ಸಿಗುವುದೆಂಬ ವಾಗ್ದಾನವಾಗಿ ಬೀಳುತ್ತದೆ. ಅಂಥ ವಾಗ್ದಾನ ಮಾಡುವ ಅಧಿಕಾರ ನಮಗಿಲ್ಲ. ಸಂತ ಪೌಲರು ತಮ್ಮ ದೇಹದಲ್ಲಿ ನಾಟಿದ್ದ ಮುಳ್ಳನ್ನು ತೆಗೆಯಬೇಕೆಂದು ಪ್ರಭುವನ್ನು ಮೂರು ಸಲ ಬೇಡಿದರು. ಕೃಪೆ ದೊರೆಯಿತು, ಮುಳ್ಳು ಹೋಯಿತೆಂದು ಅವರು ಎಲ್ಲಿಯೂ ಬರೆದಿಲ್ಲ.

ಆಗಸ್ಟ್ 27ರಂದು ನಾವು ಸ್ಮರಿಸುವ ಸಂತ ಮೋನಿಕಾರ ಬದುಕನ್ನು ನೋಡಿ. ದಾರಿ ತಪ್ಪಿದ ಮಗ ಅಗಸ್ಟೀನನಿಗಾಗಿ ವರ್ಷಾನುಗಟ್ಟಲೆ ಅತ್ತ ತಾಯಿ ಅವರು. 383ರಲ್ಲಿ ಮಗ ಆಫ್ರಿಕಾದ ಕಾರ್ತೇಜ್ ಬಿಟ್ಟು ರೋಮಿಗೆ ಹೊರಟಾಗ, ಆತ ಹೋಗದಿರಲಿ, ಹೋದರೆ ತನ್ನನ್ನೂ ಕರೆದೊಯ್ಯಲಿ ಎಂಬುದಷ್ಟೇ ಆಕೆಯ ಹಂಬಲ. ಹಡಗುಕಟ್ಟೆಯ ಬಳಿ ಸಂತ ಸಿಪ್ರಿಯಾನರ ಸ್ಮಾರಕ ಗುಡಿಯಲ್ಲಿ ಆಕೆ ರಾತ್ರಿಯಿಡೀ ಪ್ರಾರ್ಥಿಸುತ್ತಿದ್ದಾಗಲೇ, ಮಗ ಸುಳ್ಳು ಹೇಳಿ ಹಡಗು ಹತ್ತಿದ್ದ. ಬೆಳಗಾದಾಗ ದಡದಲ್ಲಿ ಉಳಿದದ್ದು ತಾಯಿಯ ಗೋಳು ಮಾತ್ರ. ಆ ಪಯಣವೇ ಆತನನ್ನು ಮಿಲಾನಿನ ಧರ್ಮಾಧ್ಯಕ್ಷ ಅಂಬ್ರೋಸರ ಬಳಿಗೆ ತಲುಪಿಸಿತು. 387ರ ಪಾಸ್ಕದಂದು ಅವರ ಕೈಯಿಂದಲೇ ದೀಕ್ಷಾಸ್ನಾನವಾಯಿತು. ಆ ರಾತ್ರಿ ತಾಯಿ ಬೇಡಿದ್ದನ್ನು ದೇವರು ಕೊಟ್ಟಿದ್ದರೆ, ಆಕೆ ಅನುದಿನವೂ ಬೇಡುತ್ತಿದ್ದುದಕ್ಕೆ ದಾರಿಯೇ ತೆರೆಯುತ್ತಿರಲಿಲ್ಲವೇನೋ. ಮಗನಿಗೆ ಮದುವೆ ಮಾಡಿಸಿ ಮೊಮ್ಮಕ್ಕಳನ್ನು ಕಾಣುವ ಆಸೆಯೂ ಆಕೆಗಿತ್ತು. (ನಮ್ಮ ಮನೆಗಳ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಹೆಣ್ಣು ಗೊತ್ತಾಗಿದ್ದರೂ ಆ ಮದುವೆ ನಡೆಯಲಿಲ್ಲ. ಅದೇ ವರ್ಷ, ತವರಿಗೆ ಮರಳುವ ದಾರಿಯಲ್ಲಿ, ಓಸ್ತಿಯಾ ಬಂದರಿನಲ್ಲಿ ಆಕೆ ಕಣ್ಮುಚ್ಚಿದರು.

ಈ ಕಥೆಯನ್ನು ನಾವು ಕೊನೆ ತಿಳಿದು ಓದುತ್ತೇವೆ. ದಡದಲ್ಲಿ ನಿಂತಿದ್ದ ಮೋನಿಕಾರಿಗೆ ಆ ಕೊನೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಆಕೆ ಮನೆಗೆ ಹಿಂತಿರುಗಿ ಎಂದಿನಂತೆ ಮಗನಿಗಾಗಿ ಪ್ರಾರ್ಥಿಸಿದರು. ದೇವರ ಸಮಯವನ್ನು ನಂಬುವುದೆಂದರೆ ನನಗೆ ತೋರುವುದು ಇಷ್ಟೇ: ಬೇಡಿದ್ದು ಬರುವುದೆಂಬ ಲೆಕ್ಕಾಚಾರವಲ್ಲ, ಬರದಿದ್ದರೂ ಆತನೊಡನೆ ಮಾತು ಬಿಡದಿರುವುದು. ಆದರೆ ಇದು ಒಬ್ಬರು ತಮ್ಮ ನೋವಿನ ಬಗ್ಗೆ ತಾವೇ ಹೇಳಿಕೊಳ್ಳಬಹುದಾದ ಮಾತು. ರಾಗಿ ಕಳೆದುಕೊಂಡವರ ಮುಂದೆ ಹೊಲ ಕಳೆದುಕೊಳ್ಳದವರು ಆಡುವ ಮಾತಲ್ಲ.

ಲಾಸರನು ಅಸ್ವಸ್ಥನೆಂಬ ಸುದ್ದಿ ಬಂದ ಮೇಲೂ ಯೇಸು ಎರಡು ದಿನ ಇದ್ದಲ್ಲೇ ಉಳಿದರು. ಅವರು ಬೆಥಾನಿಯ ತಲುಪಿದಾಗ ಸಮಾಧಿಯಾಗಿ ನಾಲ್ಕು ದಿನ ಕಳೆದಿತ್ತು. ನೀವು ಇಲ್ಲಿದ್ದಿದ್ದರೆ ನಮ್ಮ ಸೋದರ ಸಾಯುತ್ತಿರಲಿಲ್ಲವೆಂದು ಮಾರ್ಥಳೂ ದೂರಿದಳು, ಮರಿಯಳೂ ದೂರಿದಳು. ಯೇಸು ಅವರನ್ನು ಗದರಿಸಲಿಲ್ಲ, ತಡವಾದುದಕ್ಕೆ ಅವರಿಗೆ ಕಾರಣವನ್ನೂ ಕೊಡಲಿಲ್ಲ. ಆತನನ್ನು ಎಲ್ಲಿಟ್ಟಿದ್ದೀರಿ ಎಂದು ಕೇಳಿ, ಅವರೊಡನೆ ಸಮಾಧಿಯತ್ತ ನಡೆಯುತ್ತಾ ಅತ್ತರು.