ಮಡಿಕೆ ಎಲ್ಲಿ ಬೀಳಬೇಕು

ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಸಂದರ್ಶನಕ್ಕೆ ಕೂರುವ ಹುಡುಗರ ಚೀಲದಲ್ಲಿ ಒಂದು ಅಂಗಿ ಇರುತ್ತದೆ. ಬಿಳಿಯದೋ ತಿಳಿನೀಲಿಯದೋ, ತುಂಬುತೋಳಿನದು, ಮನೆಯಲ್ಲಿರುವುದರಲ್ಲೇ ಒಳ್ಳೆಯದು. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರು. ಅಷ್ಟು ದಾರಿಯೂ ಆ ಅಂಗಿಯ ಮೇಲೆ ಅಂಕಪಟ್ಟಿಗಳ ಫೈಲು, ಪಕ್ಕದಲ್ಲಿ ನೀರಿನ ಬಾಟಲಿ, ಒತ್ತಿಕೊಂಡು ಕೂತ ರೊಟ್ಟಿ ಬುತ್ತಿ. ಮೆಜೆಸ್ಟಿಕ್‌ನಲ್ಲಿಳಿದು, ಗೆಳೆಯನ ರೂಮಿನಲ್ಲಿ ಮುಖ ತೊಳೆದು, ಅಂಗಿ ತೆಗೆದು ಕೊಡವಿದರೆ ಎದೆಗೆ ಅಡ್ಡಲಾಗಿ ಒಂದು ಗೆರೆ, ಒಂದು ಮಗ್ಗುಲು ಚಪ್ಪಟೆಯಾದ ಕಾಲರು.

ಅಂಗಿ ನೋಡಿ ಯಾರೂ ಕೆಲಸ ಕೊಡುವುದಿಲ್ಲ, ಒಪ್ಪುತ್ತೇನೆ. ಆದರೆ ಒಳಗೆ ಕರೆಯುವವರೆಗೂ ಆ ಹುಡುಗನ ಅಂಗೈ ಎದೆಯ ಗೆರೆಯನ್ನು ಸವರುತ್ತಲೇ ಇರುತ್ತದೆ. ಉತ್ತರದ ಕಡೆ ಇರಬೇಕಾದ ಮನಸ್ಸಿನ ಒಂದು ಪಾಲು ಅಂಗಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಅಷ್ಟು ದೂರದಿಂದ ಬಂದವರಿಗೆ ಆ ಪಾಲೂ ಕೈಗೆ ದಕ್ಕಬೇಕು. ಅದಕ್ಕಾಗಿಯೇ ಇವತ್ತು ಅಂಗಿ ಮಡಿಸುವ ಮಾತು.

ಹತ್ತಿಬಟ್ಟೆ ಸುಕ್ಕಾಗುವುದು ಏಕೆ ಎಂಬಲ್ಲಿಂದ ಹೊರಟರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ಹತ್ತಿಯ ಎಳೆಯೆಂದರೆ ಸೆಲ್ಯುಲೋಸಿನ ಉದ್ದನೆಯ ಸರಪಳಿಗಳ ಕಟ್ಟು. ಸರಪಳಿಗಳನ್ನು ಪಕ್ಕಪಕ್ಕದಲ್ಲಿ ಹಿಡಿದು ನಿಲ್ಲಿಸುವುದು ಹೈಡ್ರೋಜನ್ ಬಂಧಗಳು. ತೇವ ತಗುಲಿದಾಗ ಈ ಬಂಧಗಳು ಬಿಟ್ಟುಕೊಳ್ಳುತ್ತವೆ. ತೇವ ಆರುವಾಗ ಬಟ್ಟೆ ಯಾವ ಭಂಗಿಯಲ್ಲಿದೆಯೋ ಅದೇ ಭಂಗಿಯಲ್ಲಿ ಮತ್ತೆ ಕಟ್ಟಿಕೊಳ್ಳುತ್ತವೆ. ಇಸ್ತ್ರಿ ಅಂಗಡಿಯವರು ನೀರು ಚಿಮುಕಿಸಿ, ಕೆಂಡದ ಪೆಟ್ಟಿಗೆ ಒತ್ತಿ, ಬಟ್ಟೆಯನ್ನು ಸಪಾಟಾಗಿಸುವುದು ಈ ಗುಣವನ್ನು ನೆಚ್ಚಿಯೇ. ಚೀಲದೊಳಗೆ ಗೆರೆ ಕೂರುವುದೂ ಇದೇ ಗುಣದಿಂದ. ಸಾಮಾನ್ಯ ಹವೆಯಲ್ಲೇ ಹತ್ತಿ ತನ್ನ ತೂಕದ ಸುಮಾರು ಶೇ 8ರಷ್ಟು ತೇವವನ್ನು ಹಿಡಿದಿಟ್ಟುಕೊಂಡಿರುತ್ತದೆ, ಪಾಲಿಯೆಸ್ಟರ್ ಶೇ 0.4ರಷ್ಟು ಮಾತ್ರ. ಮಳೆಗಾಲದ ಉಡುಪಿಯಲ್ಲೋ ಕಾರವಾರದಲ್ಲೋ ಹತ್ತಿಯ ಪಾಲು ಇನ್ನೂ ಏರುತ್ತದೆ. ಮಂಗಳೂರಿನಿಂದ ಹೊರಟ ಅಂಗಿ ರಾಯಚೂರಿನಿಂದ ಹೊರಟ ಅಂಗಿಗಿಂತ ಬೇಗ ಮುದುರುವುದು ಹಾಗಾಗಿ.

ಇದರಿಂದ ಸಿಗುವ ಮೊದಲ ಪಾಠ ಮಡಿಸುವುದಕ್ಕೂ ಮುಂಚಿನದು. ಬಸ್ಸಿಗೆ ಹೊತ್ತಾಯಿತೆಂದು ಇಸ್ತ್ರಿ ಮಾಡಿದ ಬಿಸಿ ಅಂಗಿಯನ್ನು ಆಗಲೇ ಮಡಿಸಿ ಚೀಲಕ್ಕೆ ತುರುಕುತ್ತೇವೆ. ಆಗ ಬಟ್ಟೆಯಲ್ಲಿ ಬಿಸಿಯೂ ಇರುತ್ತದೆ, ಚಿಮುಕಿಸಿದ ನೀರಿನ ಪಸೆಯೂ ಇರುತ್ತದೆ. ಒಳಗೇ ಆರುತ್ತಾ ಮಡಿಕೆಯನ್ನು ಭದ್ರಮಾಡಿಕೊಳ್ಳುತ್ತದೆ. ಇಸ್ತ್ರಿಯಾದ ಅಂಗಿ ಹ್ಯಾಂಗರಿನಲ್ಲಿ ಅರ್ಧ ಗಂಟೆಯಾದರೂ ತೂಗಬೇಕು, ಮಳೆಗಾಲದಲ್ಲಾದರೆ ಫ್ಯಾನಿನ ಕೆಳಗೆ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಇದಕ್ಕೆಂದೇ ಒಂದು ಮೇಜಿದೆ. ಇಸ್ತ್ರಿ ಮಾಡುವವರು ಕಾಲಿನಿಂದ ಪೆಡಲ್ ಒತ್ತಿದರೆ ಮೇಜಿನ ಅಡಿಯಿಂದ ಗಾಳಿ ಎಳೆದುಕೊಂಡು ಹಬೆಯನ್ನೂ ಬಿಸಿಯನ್ನೂ ಬಟ್ಟೆಯಿಂದ ಹೀರುತ್ತದೆ. ಅಲ್ಲಿ ಅಂಗಿ ತಣ್ಣಗಾದ ಮೇಲೆಯೇ ಮಡಿಸುವವರ ಕೈಗೆ ಹೋಗುವುದು.

ಆ ಮಡಿಸುವವರ ಬಗ್ಗೆ ಎರಡು ಮಾತು ಹೇಳಲೇಬೇಕು. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳೆಂದರೆ ಹೊಲಿಗೆ ಯಂತ್ರದ ಮುಂದೆ ಕೂತವರಷ್ಟೇ ನಮ್ಮ ಕಣ್ಣಿಗೆ ಬರುತ್ತಾರೆ. ಫಿನಿಶಿಂಗ್ ವಿಭಾಗದಲ್ಲಿ ದಿನವಿಡೀ ನಿಂತು ಮಡಿಸುವವರೂ ಇದ್ದಾರೆ. ದಾರದ ತುದಿ ಕತ್ತರಿಸಿ, ಮೇಲಿನ ಗುಂಡಿ ಹಾಕಿ, ಕಾಲರಿನ ಒಳಗೆ ಪಟ್ಟಿ ಇಟ್ಟು, ಅದರ ಕೆಳಗೆ ಚಿಟ್ಟೆಯಾಕಾರದ ಪ್ಲಾಸ್ಟಿಕ್ ತುಂಡು ಸಿಕ್ಕಿಸಿ, ಬೆನ್ನಿಗೆ ರಟ್ಟು ಕೊಟ್ಟು, ತೋಳುಗಳನ್ನು ಹಿಂದಕ್ಕೆ ಸರಿಸಿ, ಕ್ಲಿಪ್ಪು ಹಾಕಿ ಕವರಿಗೆ ಇಳಿಸುವವರೆಗೆ ಅವರ ಬೆರಳು ಎಲ್ಲೂ ತಡೆಯುವುದಿಲ್ಲ. ನಾವು ಹೊಸ ಅಂಗಿ ಬಿಚ್ಚುವಾಗ ಒಂದೊಂದೇ ಕಿತ್ತು ಎಸೆಯುವ ಸಾಮಾನೆಲ್ಲ ಹೀಗೆ ಯಾರೋ ಎಣಿಸಿ ಇಟ್ಟದ್ದು. ಮಡಿಕೆಯ ಕೌಶಲಕ್ಕೆ ನಮ್ಮಲ್ಲಿ ನಿಜವಾದ ವಾರಸುದಾರರು ಇವರೇ ಎಂದು ನಾನು ನಂಬಿದ್ದೇನೆ.

ಆದರೆ ಅವರಿಂದ ಅಂಗಡಿಗೆ, ಅಂಗಡಿಯಿಂದ ನಮ್ಮ ಮನೆಗೆ ಬಂದ ಆ ಮಡಿಕೆಯನ್ನು ನಾವು ಪ್ರಯಾಣಕ್ಕೂ ಬಳಸುವುದು ಸರಿಯಲ್ಲ. ಅದರ ಉದ್ದೇಶವೇ ಬೇರೆ. ಗಿರಾಕಿಗೆ ಕಾಲರು, ಜೇಬು, ಗುಂಡಿಪಟ್ಟಿ ಎದುರಿಗೇ ಕಾಣಬೇಕು. ಕಪಾಟಿನಲ್ಲಿ ಒಂದರ ಮೇಲೊಂದು ಕೂರಬೇಕು. ಪೆಟ್ಟಿಗೆಯಲ್ಲಿ ಆದಷ್ಟು ಕಡಿಮೆ ಜಾಗ ಹಿಡಿಯಬೇಕು. ತೊಟ್ಟಾಗ ಗೆರೆ ಎಲ್ಲಿ ಕಾಣುತ್ತದೆ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ, ಕೊಂಡವರು ಹೇಗೂ ಇಸ್ತ್ರಿ ಮಾಡಿಯೇ ಹಾಕಿಕೊಳ್ಳುತ್ತಾರೆ. ಹೊಸ ಅಂಗಿಯನ್ನು ಬಿಚ್ಚಿ ಹಾಗೆಯೇ ಹಾಕಿಕೊಂಡವರ ಮೈಮೇಲೆ ಚೌಕಚೌಕ ಗೆರೆ ಎದ್ದು ಕಾಣುವುದನ್ನು ಎಲ್ಲರೂ ಕಂಡಿದ್ದೇವೆ.

ಪ್ರಯಾಣದ ಮಡಿಕೆಯನ್ನು ಮೈ ನೋಡಿ ಮಾಡಬೇಕು. ಹತ್ತಿಯನ್ನು ಮಡಿಸಿದರೆ ಗೆರೆ ಬಿದ್ದೇ ಬೀಳುತ್ತದೆ. ಎಲ್ಲಿ ಬೀಳಲಿ ಎಂಬುದನ್ನು ಮಾತ್ರ ನಾವು ಆರಿಸಬಹುದು. ಗಂಡಸರ ಸಾಮಾನ್ಯ ಅಳತೆಯ ಅಂಗಿ ಕಾಲರಿನಿಂದ ಕೆಳಅಂಚಿಗೆ ಸುಮಾರು 30 ಇಂಚು. ಕಾಲರಿನಿಂದ ಸೊಂಟಕ್ಕೆ ಹೆಚ್ಚುಕಡಿಮೆ 18 ಇಂಚು. ಉಳಿದದ್ದು ಇನ್‌ಶರ್ಟ್ ಮಾಡಿದಾಗ ಪ್ಯಾಂಟಿನೊಳಗೆ ಹೋಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಅಡ್ಡ ಮಡಿಕೆ ಒಂದೇ ಒಂದು ಇರಲಿ, ಅದು ಆ ಸೊಂಟದ ಗೆರೆಯಲ್ಲೇ ಬೀಳಲಿ. ಬೆಲ್ಟು ಅದನ್ನು ಮುಚ್ಚುತ್ತದೆ. ಮೂರು ಪಾಲಾಗಿ ಮಡಿಸಿದರೆ ಮೇಲಿನ ಗೆರೆ ಕಾಲರಿನಿಂದ 10 ಇಂಚಿಗೆ, ಅಂದರೆ ಎದೆಯ ಬುಡಕ್ಕೇ ಬರುತ್ತದೆ. ಎರಡು ಸಮಪಾಲು ಮಾಡಿದರೆ 15 ಇಂಚಿಗೆ, ಹೊಟ್ಟೆಯ ಮೇಲೆ. ಒಂದು ಸಲ ಅಂಗಿ ತೊಟ್ಟುಕೊಂಡು, ಬೆಲ್ಟು ಬರುವ ಕಡೆ ಎಷ್ಟನೇ ಗುಂಡಿ ಇದೆಯೆಂದು ನೋಡಿಕೊಳ್ಳಿ. ಆ ಗುಂಡಿಯೇ ನಿಮ್ಮ ಗುರುತು.

ಸಪಾಟು ಮಂಚದ ಮೇಲೆ ಅಂಗಿಯನ್ನು ಬೋರಲು ಹಾಸಿ. ಮೇಲಿನ ಗುಂಡಿ, ನಡುವಿನದೊಂದು, ಕೊನೆಯದೊಂದು ಹಾಕಿದ್ದರೆ ಸಾಕು, ಗುಂಡಿಪಟ್ಟಿ ಸರಿಯುವುದಿಲ್ಲ. ಬೆನ್ನಿನ ಮೇಲೆ ಕೈಯಾಡಿಸಿ ಒಳಗಿನ ಗಾಳಿ ಹೊರದೂಡಿ. ಈಗ ಪಕ್ಕಗಳನ್ನು ಎಷ್ಟು ಒಳಕ್ಕೆ ತರಬೇಕು ಎಂಬ ಪ್ರಶ್ನೆ. ಸಾಮಾನ್ಯವಾಗಿ ಕಾಲರಿನ ಮಗ್ಗುಲಿಗೇ ತಂದುಬಿಡುತ್ತೇವೆ, ಆಗ ಜೇಬಿನ ಮೇಲೆ ಉದ್ದಗೆರೆ ಬೀಳುತ್ತದೆ. ಬೆನ್ನಿಗೆ ಹಾಕುವ ಚೀಲವೂ 12 ಇಂಚಿನಷ್ಟು ಅಗಲವಿರುತ್ತದೆ. ಭುಜದ ಹೊಲಿಗೆಯಿಂದ ಮೂರು ಇಂಚು ಒಳಕ್ಕೆ ಮಡಿಸಿದರೆ ಅಂಗಿ ಅದರಲ್ಲಿ ಕೂರುತ್ತದೆ. ಆ ಗೆರೆ ಕಂಕುಳ ಸಮೀಪ ಉಳಿದು ತೋಳಿನ ಮರೆಯಲ್ಲೇ ಇರುತ್ತದೆ. ತೋಳನ್ನು ಬೆನ್ನಿಗೆ ಅಡ್ಡ ಹಾಕಬೇಡಿ. ಪಕ್ಕದ ಅಂಚಿನ ಗುಂಟ ನೇರ ಕೆಳಕ್ಕೆ ಇಳಿಬಿಡಿ. ಇನ್ನೊಂದು ಮಗ್ಗುಲಿಗೂ ಹಾಗೆಯೇ.

ಸೊಂಟದಲ್ಲಿ ಮಡಿಸುವ ಮುಂಚೆ ಅಲ್ಲಿ ಒಂದು ಬನಿಯನ್ನನ್ನು ಸುರುಳಿ ಸುತ್ತಿ ಇಡಿ, ತೆಳುವಾದ ಟವೆಲ್ಲೂ ಆದೀತು. ಅದರ ಮೇಲಿಂದ ಕೆಳಅಂಚನ್ನು ಎತ್ತಿ ಹಾಕಿ. ಬಟ್ಟೆ ಚೂಪಾಗಿ ಮುರಿಯುವುದಿಲ್ಲ, ದುಂಡಗೆ ಬಾಗುತ್ತದೆ. ಚೂಪಾದ ಗೆರೆ ಒಮ್ಮೆ ಕೂತರೆ ಹೋಗಲು ನೀರು, ಬಿಸಿ ಎರಡೂ ಬೇಕು. ದುಂಡಗೆ ಬಾಗಿದ್ದು ಹ್ಯಾಂಗರಿಗೆ ಹಾಕಿದರೇ ಬಹುಪಾಲು ಇಳಿಯುತ್ತದೆ. ಕಾಲರಿನ ಒಳಗೆ ಬೆಲ್ಟನ್ನು ಸುತ್ತಿ ಇಟ್ಟರೆ ಅದು ಕುಸಿಯದೆ ನಿಲ್ಲುತ್ತದೆ. ಬೆಲ್ಟು ಬಣ್ಣ ಬಿಡುವಂಥದ್ದಾದರೆ ಒಗೆದ ಕಾಲುಚೀಲ ಇಡಿ. ಕೊನೆಗೆ ಎಲ್ಲವನ್ನೂ ತೆಳು ಪ್ಲಾಸ್ಟಿಕ್ ಕವರಿಗೆ ಸರಿಸಿ. ನುಣುಪಾದ ಕವರು ಪಕ್ಕದ ಸಾಮಾನಿನ ಜೊತೆ ಜಾರುತ್ತದೆ, ಬಟ್ಟೆಗೆ ತಿಕ್ಕಾಟ ತಟ್ಟುವುದಿಲ್ಲ. ಇಸ್ತ್ರಿ ಅಂಗಡಿಯವರು ದಿನಪತ್ರಿಕೆಯಲ್ಲಿ ಸುತ್ತಿ ಕೊಡುವುದು ಬೀದಿಯ ತುದಿಯಿಂದ ಮನೆಗೆ ಬರುವಷ್ಟು ದೂರಕ್ಕೆ ಸರಿ. ರಾತ್ರಿಯಿಡೀ ಬಸ್ಸಿನಲ್ಲಿ ಒತ್ತಿಕೊಂಡು ಕೂತರೆ ಶಾಯಿ ಬಿಳಿ ಕಾಲರಿಗೆ ಹತ್ತುತ್ತದೆ.

ಈಗ ಚೀಲ. 18 ಇಂಚು ಎತ್ತರದ ಬೆನ್ನುಚೀಲವಾದರೆ ಲ್ಯಾಪ್‌ಟಾಪ್ ಇಡುವ ಖಾನೆಯೇ ಅಂಗಿಗೆ ಒಳ್ಳೆಯ ಮನೆ. ಫೈಲನ್ನು ಅದರ ಹಿಂದೆ ಇಟ್ಟರೆ ರಟ್ಟಿನ ಕೆಲಸ ಮಾಡುತ್ತದೆ. ಚಿಕ್ಕ ಸೂಟ್‌ಕೇಸಾದರೆ ಭಾರದ್ದೆಲ್ಲ ತಳಕ್ಕೆ, ಗಾಲಿಗಳ ಕಡೆಗೆ. ಅಂಗಿ ಎಲ್ಲಕ್ಕಿಂತ ಮೇಲೆ. ಎರಡು ಅಂಗಿಗಳಿದ್ದರೆ ಒಂದರ ಕಾಲರು ಈ ಕಡೆ, ಇನ್ನೊಂದರದು ಆ ಕಡೆ ಬರಲಿ, ಕಾಲರಿನ ಮೇಲೆ ಕಾಲರು ಹೇರಿದರೆ ಕೆಳಗಿನದು ಅಪ್ಪಚ್ಚಿಯಾಗುತ್ತದೆ. ಖಾಲಿ ಜಾಗ ಬಿಡಬೇಡಿ. ರಸ್ತೆಯ ಕುಲುಕಾಟಕ್ಕೆ ಅಂಗಿ ಕವರಿನೊಳಗೇ ಜಾರಿ ಮೂಲೆಯಲ್ಲಿ ಮುದ್ದೆಯಾಗುವುದು ಚೀಲ ಅರ್ಧ ಖಾಲಿಯಿದ್ದಾಗಲೇ. ಬುತ್ತಿಯನ್ನು ಮಾತ್ರ ದಯವಿಟ್ಟು ಬೇರೆ ಕೈಚೀಲದಲ್ಲಿ ಒಯ್ಯಿರಿ. "ಅಂಗಿ ಮ್ಯಾಲ ಇಡೋ ತಮ್ಮಾ, ಎಣ್ಣಿ ಇಳೀತದ" ಎಂದು ಬಾಗಿಲಲ್ಲಿ ನಿಂತು ಕೂಗುವ ಅಕ್ಕಂದಿರು ಹೇಳುವುದು ಅನುಭವದ ಮಾತು. ಶೇಂಗಾ ಚಟ್ನಿಯ ಎಣ್ಣೆ ಯಾವ ಡಬ್ಬಿಯಿಂದಲೂ ಹೊರದಾರಿ ಹುಡುಕಿಕೊಳ್ಳುತ್ತದೆ.

ಸುರುಳಿ ಸುತ್ತಿ ಇಡುವವರಿದ್ದಾರೆ. ಟೀ ಶರ್ಟಿಗೆ ಅದು ಚೆನ್ನ, ಗಟ್ಟಿ ಕಾಲರಿನ ಅಂಗಿಗೆ ಒಗ್ಗುವುದಿಲ್ಲ. ಹಲವು ಬಟ್ಟೆಗಳನ್ನು ಒಂದು ಮೆತ್ತನೆಯ ಗಂಟಿನ ಸುತ್ತ ಹೊದಿಸುತ್ತಾ ಹೋಗುವ ಕ್ರಮವೂ ಇದೆ, ಗೆರೆಗಳು ನಿಜಕ್ಕೂ ಕಡಿಮೆ. ಆದರೆ ಒಂದು ಬಟ್ಟೆ ಬೇಕಾದರೆ ಇಡೀ ಗಂಟು ಬಿಚ್ಚಬೇಕು, ಒಂದೇ ಅಂಗಿ ಒಯ್ಯುವವರಿಗೆ ಅದರಿಂದ ಏನೂ ಸಿಗದು.

ಸುಕ್ಕಾಗದ ಹತ್ತಿಯಂಗಿಗಳು ಸಿಗುತ್ತವಲ್ಲ ಎನ್ನಬಹುದು. ಅವುಗಳ ಹಿಂದೆ ಅಮೆರಿಕದ ರಸಾಯನ ವಿಜ್ಞಾನಿ ರೂತ್ ಬೆನೆರಿಟೊ ಅವರ ದುಡಿಮೆಯ ದೊಡ್ಡ ಪಾಲಿದೆ. 1916ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಹುಟ್ಟಿದ ಆಕೆ ಅದೇ ಊರಿನ ಸರ್ಕಾರಿ ಕೃಷಿ ಪ್ರಯೋಗಾಲಯದಲ್ಲಿ ಹತ್ತಿಯ ಸರಪಳಿಗಳ ನಡುವೆ ನೀರಿಗೆ ಬಿಟ್ಟುಕೊಡದ ಗಟ್ಟಿ ಸೇತುವೆ ಕಟ್ಟುವ ಬಗೆಯ ಮೇಲೆ ಕೆಲಸ ಮಾಡಿದರು. ಅವರ ಹೆಸರಿನಲ್ಲಿ 55 ಪೇಟೆಂಟುಗಳಿದ್ದವು. ಅಂಥ ಅಂಗಿ ಕೊಳ್ಳಲು ಸಾಧ್ಯವಿದ್ದರೆ ಕೊಳ್ಳಿ. ಹತ್ತಿಗೆ ಪಾಲಿಯೆಸ್ಟರ್ ಬೆರೆತದ್ದೂ ಪ್ರಯಾಣಕ್ಕೆ ಒದಗುತ್ತದೆ, ಬೆಲೆಯೂ ಕಡಿಮೆ. ಗಂಜಿ ಹಾಕಿದ ಖಾದಿಯನ್ನು ಮಾತ್ರ ರಾತ್ರಿ ಬಸ್ಸಿಗೆ ಒಯ್ಯಬೇಡಿ. ಗರಿಗರಿಯಾಗಿ ನಿಲ್ಲಿಸುವ ಗಂಜಿಯೇ ಮಡಿಕೆಯನ್ನೂ ಗಟ್ಟಿಯಾಗಿ ನಿಲ್ಲಿಸುತ್ತದೆ.

ಊರು ತಲುಪಿದ ಕೂಡಲೇ ಮೊದಲ ಕೆಲಸ ಅಂಗಿಯನ್ನು ಹೊರತೆಗೆಯುವುದು. ಹಲ್ಲುಜ್ಜುವುದು, ಚಹಾ ಕುಡಿಯುವುದು ಆಮೇಲೆ. ಬೆಳಿಗ್ಗೆ 6ಕ್ಕೆ ಇಳಿದು 10ಕ್ಕೆ ಸಂದರ್ಶನವಿದ್ದರೆ ಅಂಗಿಗೆ ಮೂರು ಗಂಟೆಯಾದರೂ ತೂಗುವ ಅವಕಾಶವಿದೆ. ಬಚ್ಚಲಮನೆಯ ಮೊಳೆಗೆ ಹಾಕಿ, ಬಾಗಿಲು ಮುಚ್ಚಿ, ಬಿಸಿನೀರಿನಲ್ಲಿ ಸ್ನಾನ ಮಾಡಿ. ಹಬೆ ಬಟ್ಟೆಯ ಬಂಧಗಳನ್ನು ಸಡಿಲಿಸುತ್ತದೆ, ಅಂಗಿಯದೇ ಭಾರ ಅದನ್ನು ಕೆಳಕ್ಕೆ ಎಳೆಯುತ್ತದೆ. ಉಳಿದ ಗೆರೆಯ ಮೇಲೆ ಒದ್ದೆ ಅಂಗೈಯನ್ನು ಒಮ್ಮೆ ಸವರಿ, ಬಟ್ಟೆಯನ್ನು ಎಳೆದು ಹಿಡಿದು ಬಿಡಿ. ಆಮೇಲೆ ಗಾಳಿಗೆ ಆರಲಿ. ಹಸಿಯಾಗಿರುವಾಗಲೇ ತೊಟ್ಟು ಆಟೋದಲ್ಲಿ ಒರಗಿ ಕೂತರೆ ಬೆನ್ನೆಲ್ಲ ಹೊಸ ಸುಕ್ಕು. ಬೆನ್ನುಚೀಲವನ್ನು ಅಂಗಿಯ ಮೇಲೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಹೋಗಿ, ಅದರ ಪಟ್ಟಿ ಭುಜವನ್ನು ಹಿಂಡುತ್ತದೆ.

ಮರಳುವಾಗ ಅದೇ ಅಂಗಿಯನ್ನು ಬೇರೆ ಕವರಿನಲ್ಲಿ, ಒಳಮೈ ಹೊರಗೆ ಮಾಡಿ ಇಡಿ. ಊರು ಮುಟ್ಟಿದ ದಿನವೇ ಕಾಲರಿಗೆ ಸೋಪು ಉಜ್ಜಿ ನೆನೆಸಿ. ಬೆವರು ಹಿಡಿದ ಬಟ್ಟೆಗೆ ಒಗೆಯದೆ ಇಸ್ತ್ರಿ ಒತ್ತಿದರೆ ಹಳದಿ ಪಟ್ಟೆ ಕೂತುಬಿಡುತ್ತದೆ, ಮತ್ತೆ ಬಿಡಿಸುವುದು ಕಷ್ಟ. ಎರಡನೇ ಸುತ್ತಿಗೆ ಕರೆದರೆ ಹಾಕಿಕೊಳ್ಳಬೇಕಾದದ್ದು ಈ ಅಂಗಿಯನ್ನೇ.