ತಡವಾದದ್ದು ಯಾರಿಂದ?

ರಾಯಚೂರು ಜಿಲ್ಲೆಯಲ್ಲಿ ನೀರಡಿಕೆಯನ್ನು ಯಾರೂ ರೋಗದ ಲಕ್ಷಣ ಎಂದುಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಕಡೆ ಮಕ್ಕಳು ನೀರು ಕುಡಿಯದಿದ್ದರೆ ಗಾಬರಿ, ಕುಡಿದರೆ ಸಮಾಧಾನ. ಹಾಗಾಗಿ ದೇವದುರ್ಗ ತಾಲ್ಲೂಕಿನ ನನ್ನ ಶಾಲೆಯಲ್ಲಿ ಆರನೇ ತರಗತಿಯ ಹುಡುಗಿಯೊಬ್ಬಳು ಒಂದೇ ಪಿರಿಯಡ್ಡಿನಲ್ಲಿ ಎರಡು ಸಲ ನೀರಿಗೆ, ಎರಡು ಸಲ ಹೊರಗೆ ಹೋಗಲು ಕೇಳಿದಾಗ ನನಗೆ ಅನ್ನಿಸಿದ್ದು ಒಂದೇ: ಪಾಠ ತಪ್ಪಿಸಿಕೊಳ್ಳುತ್ತಿದ್ದಾಳೆ. "ಕುಂದ್ರು, ಗಂಟಿ ಹೊಡದ ಮ್ಯಾಲ ಹೋಗುವಂತಿ" ಅಂದೆ. ಇನ್ನೊಂದು ಮಾತನ್ನೂ ಸೇರಿಸಿದೆ. ಅದನ್ನು ಇಲ್ಲಿ ಬರೆಯಲಾರೆ. ತರಗತಿ ಗೊಳ್ಳೆಂದು ನಕ್ಕಿತು. ಮರುದಿನದಿಂದ ಅವಳು ಕೇಳುವುದನ್ನು ಬಿಟ್ಟಳು. ವಾರದೊಳಗೆ ಶಾಲೆಗೆ ಬರುವುದನ್ನೂ ಬಿಟ್ಟಳು.

ರಾಯಚೂರಿನ ಆಸ್ಪತ್ರೆಯೊಂದರ ಐಸಿಯುನಲ್ಲಿದ್ದಾಳೆ ಎಂದು ತಿಳಿದು ನೋಡಲು ಹೋದೆ. ಹೊರಗಿನ ಬೆಂಚಿನ ಮೇಲೆ ತಾಯಿ ಕೂತಿದ್ದಳು. ನಾನು ಏನೂ ಕೇಳದೆಯೇ ಹೇಳತೊಡಗಿದಳು. ಮಗಳು ರಾತ್ರಿ ಹಾಸಿಗೆಯಲ್ಲಿ ಉಚ್ಚೆ ಹೊಯ್ಯುತ್ತಿದ್ದಳಂತೆ. ಇಷ್ಟು ದೊಡ್ಡವಳಾಗಿ ಹೀಗೆ ಮಾಡುತ್ತಾಳಲ್ಲ ಎಂದು ಒಂದೆರಡು ಏಟು ಕೊಟ್ಟಿದ್ದಳು. ಮೈ ಇಳಿದಾಗ ಜಂತುಹುಳುವಿನ ಗುಳಿಗೆ ಕೊಡಿಸಿದಳು. ಹೊಟ್ಟೆನೋವು, ವಾಂತಿ ಶುರುವಾದಾಗ ಊರಲ್ಲಿ ಔಷಧ ಕೊಡುವವರೊಬ್ಬರು ಗ್ಯಾಸ್ಟ್ರಿಕ್ ಎಂದರು, ನಿತ್ರಾಣಕ್ಕೆಂದು ಗ್ಲೂಕೋಸ್ ಬಾಟಲಿ ಏರಿಸಿದರು. ಮಾನ್ವಿ ಕಡೆಯ ತವರುಮನೆಗೆ ಕರೆದುಕೊಂಡು ಹೋದರೆ ಅಲ್ಲಿ ದೃಷ್ಟಿ ಎಂದು ಮೆಣಸಿನಕಾಯಿ ನಿವಾಳಿಸಿದರು. ಆ ರಾತ್ರಿ ಹುಡುಗಿ ಮಲಗಿದಲ್ಲೇ ಓಡಿ ಬಂದವಳ ಹಾಗೆ ಏದುಸಿರು ಬಿಡತೊಡಗಿದಳು. ಬಾಯಿಂದ ಹಣ್ಣು ಕೊಳೆತ ವಾಸನೆ. ಕ್ರೂಸರ್ ಮಾಡಿಕೊಂಡು ರಾಯಚೂರು ಮುಟ್ಟುವ ಹೊತ್ತಿಗೆ ಕರೆದರೆ ಓಗೊಡುತ್ತಿರಲಿಲ್ಲ.

"ಉಚ್ಚಿ ಹೊಯ್ದ ಜಾಗಕ್ಕ ಇರಿವಿ ಮುತ್ತತಿದ್ವು ಸರ. ಕಣ್ಣೀಲೆ ನೋಡೀನಿ. ಸಣ್ಣ ಹುಡುಗ್ರಿಗೂ ಶುಗರ್ ಬರ್ತೈತಿ ಅಂತ ಯಾರಿಗ್ರಿ ಗೊತ್ತು? ನಂದ ತಪ್ಪಾತು."

ನಾನು ಸುಮ್ಮನೆ ಕೂತಿದ್ದೆ.

ಒಳಗೆ ನಡೆದಿದ್ದದ್ದನ್ನು ಡಾಕ್ಟರು ಆಮೇಲೆ ಬಿಡಿಸಿ ಹೇಳಿದರು. ಇದು ದೊಡ್ಡವರಿಗೆ ಸಾಮಾನ್ಯವಾಗಿ ಬರುವ ಸಕ್ಕರೆ ಕಾಯಿಲೆಯಲ್ಲ, ಟೈಪ್ 1. ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ಕೊಂದುಹಾಕುತ್ತದೆ. ಸಿಹಿ ತಿಂದದ್ದರಿಂದಾಗಲಿ, ತಾಯಿ ಏನೋ ಮಾಡಿದ್ದರಿಂದಾಗಲಿ ಬರುವಂಥದ್ದಲ್ಲ. ಇನ್ಸುಲಿನ್ ಇಲ್ಲದೆ ಸಕ್ಕರೆ ರಕ್ತದಲ್ಲೇ ಉಳಿದು, ನೀರನ್ನೂ ಎಳೆದುಕೊಂಡು ಮೂತ್ರದಲ್ಲಿ ಹೋಗುತ್ತದೆ. ಆ ನೀರಡಿಕೆ ಬಿಸಿಲಿನದಲ್ಲ. ಹಸಿದ ದೇಹ ಕೊಬ್ಬನ್ನು ಉರಿಸಿಕೊಳ್ಳುತ್ತದೆ, ಅದರಿಂದ ಕೀಟೋನ್ ಎಂಬ ಆಮ್ಲ ರಕ್ತದಲ್ಲಿ ತುಂಬುತ್ತದೆ. ಆ ಏದುಸಿರು ಆಮ್ಲವನ್ನು ಹೊರಹಾಕಲು ದೇಹ ಪಡುವ ಪಾಡು. ವೈದ್ಯರು ಇದನ್ನು ಕೀಟೋಅಸಿಡೋಸಿಸ್ ಎನ್ನುತ್ತಾರೆ. ಕೆಲವು ಮಕ್ಕಳಲ್ಲಿ ಮಿದುಳು ಊದಿಕೊಳ್ಳುತ್ತದೆ, ಆಗ ಉಳಿಸುವುದು ಕಷ್ಟ. ಕಾಯಿಲೆಯನ್ನು ತಡೆಯಲಾಗುವುದಿಲ್ಲ. ಆದರೆ ಐಸಿಯುವರೆಗಿನ ಈ ದಾರಿಯನ್ನು ಬಹಳಷ್ಟು ಮಕ್ಕಳ ಮಟ್ಟಿಗೆ ತಡೆಯಬಹುದು.

ಅಂದರೆ ಕಾಯಿಲೆಗೆ ಯಾರೂ ಹೊಣೆಯಲ್ಲ. ತಡಕ್ಕೆ?

ಈ ಪ್ರಶ್ನೆಗೆ ಒಂದು ಹುಟ್ಟಿದ ದಿನವಿದೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಿದರು. ಅಲ್ಲಿಯವರೆಗೆ ಈ ಕಾಯಿಲೆ ಬಂದ ಮಕ್ಕಳು ಬೇಗ ಬಂದರೂ ತಡವಾಗಿ ಬಂದರೂ ಸಾಯುತ್ತಿದ್ದರು. 'ತಡ' ಎಂಬ ಮಾತಿಗೇ ಅರ್ಥವಿರಲಿಲ್ಲ. ಔಷಧ ಬಂದ ಮೇಲೆಯೇ ತಡ ಎಂಬುದೂ ಬಂತು, ತಡದ ಜೊತೆಗೆ ತಪ್ಪೂ ಬಂತು. ಜಗತ್ತಿಗೆ ಗೊತ್ತಿದ್ದು ನಮ್ಮೂರಿಗೆ ಗೊತ್ತಿಲ್ಲದಿದ್ದರೆ ಆ ತಪ್ಪು ಯಾರ ತಲೆಯ ಮೇಲೆ ಬೀಳಬೇಕು? ಬೀಳುವುದು ಮಾತ್ರ ತಾಯಿಯ ತಲೆಯ ಮೇಲೆ.

ರೋಗವನ್ನು ತಪ್ಪಿಗೆ ಜೋಡಿಸುವುದು ನಮ್ಮ ಸೀಮೆಗೆ ಹೊಸದಲ್ಲ. ಮಾನ್ವಿಯ ಜಗನ್ನಾಥದಾಸರ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಬ್ಯಾಗವಟ್ಟಿನ ಶ್ರೀನಿವಾಸಾಚಾರ್ಯರು ಪಾಂಡಿತ್ಯದ ಗರ್ವದಿಂದ ವಿಜಯದಾಸರ ಊಟದ ಕರೆಯನ್ನು ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರು, ಆಮೇಲೆ ಆ ನೋವು ನಿಜವಾಗಿಯೇ ಬಂತು. ಕೊನೆಗೆ ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷ ಧಾರೆಯೆರೆದು ಉಳಿಸಿದರು, ಆಚಾರ್ಯರು ಜಗನ್ನಾಥದಾಸರಾದರು. ಈ ಕಥೆಯಲ್ಲಿ ನೋವಿಗೆ ಕಾರಣವೊಂದಿದೆ, ಅದು ನೋವುಂಡವನ ತಪ್ಪು. ನಾವು ನೆನಪಿಟ್ಟುಕೊಂಡದ್ದು ಇಷ್ಟನ್ನೇ. ತಪ್ಪು ಯಾರದೆಂದು ಕೇಳುತ್ತ ಕೂರದೆ ಒಬ್ಬರು ತಮ್ಮ ವರ್ಷಗಳನ್ನು ಕೊಟ್ಟರಲ್ಲ, ಆ ಭಾಗಕ್ಕೆ ಕೈಮುಗಿದು ಮುಂದೆ ಹೋಗುತ್ತೇವೆ.

ದೂರದ ಒಂದು ಊರಿನವರು ಹಾಗೆ ಮುಂದೆ ಹೋಗಲಿಲ್ಲ. ಇಟಲಿಯ ಪಾರ್ಮಾದಲ್ಲಿ 1991ರಲ್ಲಿ ವೈದ್ಯರು ಶಾಲೆಗಳಲ್ಲಿ ಪೋಸ್ಟರ್ ಹಚ್ಚಿಸಿದರು: ಹಾಸಿಗೆ ಒದ್ದೆ ಮಾಡುವುದು ನಿಂತಿದ್ದ ಮಗು ಮತ್ತೆ ಶುರುಮಾಡಿದರೆ, ವಿಪರೀತ ನೀರು ಕುಡಿದರೆ ಸಕ್ಕರೆ ನೋಡಿಸಿ. ಅಲ್ಲಿನ ಡಾಕ್ಟರುಗಳಿಗೆ ಪರೀಕ್ಷೆಯ ಸಾಧನಗಳನ್ನೂ ಕೊಟ್ಟರು. ಅದಕ್ಕೆ ಮುಂಚೆ, 1987ರಿಂದ 1991ರವರೆಗೆ, ಹೊಸದಾಗಿ ಈ ಕಾಯಿಲೆ ಪತ್ತೆಯಾದ ಮಕ್ಕಳಲ್ಲಿ ನೂರಕ್ಕೆ 78 ಮಂದಿ ಕೀಟೋಅಸಿಡೋಸಿಸ್ ಸ್ಥಿತಿಯಲ್ಲೇ ಬರುತ್ತಿದ್ದರು. 1991ರಿಂದ 1997ರ ಅವಧಿಯಲ್ಲಿ ಅದು ನೂರಕ್ಕೆ 12.5ಕ್ಕೆ ಇಳಿಯಿತು. ಪೋಸ್ಟರು ಗೋಡೆಗೆ ಬಂದದ್ದರಿಂದ ಅಲ್ಲಿನ ತಾಯಂದಿರ ಪ್ರೀತಿ ಏನೂ ಹೆಚ್ಚಾಗಿರಲಾರದು.

ನಮ್ಮ ಕಡೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಪಟ್ಟಿ ಮಾಡುವ ಸಕ್ಕರೆ ಕಾಯಿಲೆ 30 ವರ್ಷ ದಾಟಿದವರದು. 2002ರ ನಂಜುಂಡಪ್ಪ ವರದಿಯ ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ದೇವದುರ್ಗ, ಮಾನ್ವಿ ಎರಡೂ ಇವೆ. ಇದನ್ನೆಲ್ಲ ಹೇಳಿ ನಾನು ಹಿಂದುಳಿದಿರುವಿಕೆಯ ಮರೆಗೆ ಸರಿಯಬಹುದು. ಆದರೆ ಬೆರಳು ಚುಚ್ಚಿ ಒಂದು ಹನಿ ರಕ್ತ ನೋಡುವುದಕ್ಕೆ ಒಗ್ಗರಣೆ-ಮಿರ್ಚಿ ತಿನ್ನುವಷ್ಟು ಹೊತ್ತೂ ಬೇಡ. ಆ ಯಂತ್ರ ನಮ್ಮ ಮನೆಯಲ್ಲೇ ಇತ್ತು, ನಮ್ಮಪ್ಪನದು.

ಯೋಚಿಸಿದಷ್ಟೂ ನನಗೆ ಅನ್ನಿಸುವುದು, ನಮ್ಮಲ್ಲಿ ಯಾರನ್ನೂ ಕೆಡಿಸಿದ್ದು ಅಜ್ಞಾನವಲ್ಲ ಎಂದು. ಎಲ್ಲರಿಗೂ ಉತ್ತರ ಮೊದಲೇ ಗೊತ್ತಿತ್ತು: ಬಿಸಿಲು, ಜಂತು, ಗ್ಯಾಸ್ಟ್ರಿಕ್, ದೃಷ್ಟಿ, ಪಾಠಗಳ್ಳತನ. ಆದರೂ ತಾಯಿಗೂ ನನಗೂ ಒಂದು ವ್ಯತ್ಯಾಸವಿದೆ. ಅವಳು ಒಂದು ಉತ್ತರ ಸುಳ್ಳಾದಾಗ ಇನ್ನೊಂದು ಬಾಗಿಲು ತಟ್ಟಿದಳು. ನಾನು ನನ್ನ ಉತ್ತರವನ್ನು ಒಮ್ಮೆಯೂ ಅನುಮಾನಿಸಲಿಲ್ಲ. ಟೈಪ್ 1 ಗೊತ್ತಿಲ್ಲದ್ದಕ್ಕೆ ನನ್ನನ್ನು ನಾನು ಕ್ಷಮಿಸಿಕೊಳ್ಳಬಲ್ಲೆ. ಆದರೆ ಆ ಮಗು ತನ್ನ ದೇಹಕ್ಕೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳಿತ್ತು. ಕೇಳುವುದೇ ನಾಚಿಕೆ ಎನ್ನುವ ಹಾಗೆ ಮಾಡಿದ್ದು ನಾನು. ಅದಕ್ಕೆ ವೈದ್ಯಶಾಸ್ತ್ರ ಓದಿರಬೇಕಿರಲಿಲ್ಲ.

ಹುಡುಗಿ ಉಳಿದಳು. ಈಗ ಏಳನೇ ತರಗತಿ. ಮನೆಯಲ್ಲಿ ಫ್ರಿಜ್ ಇಲ್ಲ. ಡಾಕ್ಟರು ಹೇಳಿಕೊಟ್ಟಂತೆ ಇನ್ಸುಲಿನ್ ಸೀಸೆಯನ್ನು ಒದ್ದೆ ಉಸುಕು ತುಂಬಿದ ಗಡಿಗೆಯೊಳಗೆ ಇನ್ನೊಂದು ಗಡಿಗೆ ಇಟ್ಟು ಕಾಪಾಡುತ್ತಾರೆ. ಹೋದ ತಿಂಗಳು ಅವರ ಮನೆಗೆ ಹೋಗಿ, ಆ ಬೆಂಚಿನ ಮೇಲೆ ಹೇಳದೆ ಉಳಿಸಿಕೊಂಡದ್ದನ್ನು ತಾಯಿಗೆ ಹೇಳಿದೆ. ನಾನು ಬೈದದ್ದು, ತರಗತಿ ನಕ್ಕದ್ದು, ಎಲ್ಲ.

ಅವಳು ಸ್ವಲ್ಪ ಹೊತ್ತು ಗಡಿಗೆಯ ಉಸುಕಿಗೆ ನೀರು ಚಿಮುಕಿಸುತ್ತ ಇದ್ದಳು. ಆಮೇಲೆ "ನಿಮಗಾರ ಹ್ಯಾಂಗ ಗೊತ್ತಾಗಬೇಕ್ರಿ ಸರ, ಬಿಡ್ರಿ" ಅಂದಳು.

ಆ ಮಾತನ್ನು ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.