ಸಿಮೆಂಟಿನ ರೈತ

ಡಿಸ್ನಿಲ್ಯಾಂಡಿನಂಥದ್ದು ನಮ್ಮಲ್ಲೇಕಿಲ್ಲ ಎಂದು ಕೇಳುವವರಿಗೆ ನಾನು ನಮ್ಮ ಹಾವೇರಿ ಜಿಲ್ಲೆಯ ಗೊಟಗೋಡಿಯನ್ನು ತೋರಿಸುತ್ತೇನೆ. ಅಲ್ಲಿನ ಉತ್ಸವ್ ರಾಕ್ ಗಾರ್ಡನ್‌ನಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ಹಳ್ಳಿಯ ದುಡಿಮೆಯನ್ನೇ ಆಳೆತ್ತರದ ಸಿಮೆಂಟ್ ಶಿಲ್ಪಗಳಲ್ಲಿ ನಿಲ್ಲಿಸಿದರು. 1955ರಲ್ಲಿ ಡಿಸ್ನಿಲ್ಯಾಂಡ್ ತೆರೆದ ವಾಲ್ಟ್ ಡಿಸ್ನಿಯೂ ಹೆಬ್ಬಾಗಿಲಲ್ಲಿ ಕಟ್ಟಿಸಿದ್ದು ಬಾಲ್ಯದ ಮಾರ್ಸಲೀನ್ ಊರನ್ನು ನೆನಪಿಸುವ ಬೀದಿಯನ್ನೇ.

ಇಬ್ಬರ ಬಂಡವಾಳವೂ ಊರಿನ ನೆನಪು. ಆದರೆ ನಮ್ಮ ಊರು ಇನ್ನೂ ನೆನಪಾಗಿಲ್ಲ. ಕದರಮಂಡಲಗಿಯಲ್ಲಿ ಕಾಂತೇಶನ ಗುಡಿ ದಾಟಿದರೆ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವ ಕೈಗಳಿವೆ. ಟಿಕೆಟ್ ಕೊಟ್ಟು ಸಿಮೆಂಟಿನ ರೈತನ ಪಕ್ಕ ಫೋಟೊ ತೆಗೆಸಿಕೊಳ್ಳುವ ನಾವು ಈ ಕೈಗಳ ಕೂಲಿಗೆ ಚೌಕಾಸಿ ಮಾಡುತ್ತೇವೆ. ಪೈಪೋಟಿಯಲ್ಲಿ ಯಾರಾದರೂ ಗೆಲ್ಲಲಿ. ಬದುಕಿರುವವರು ನಮ್ಮ ಗೌರವಕ್ಕಾಗಿ ಶಿಲ್ಪವಾಗುವವರೆಗೆ ಕಾಯಬೇಕೆ?